ಸ್ಟಾಲಿನ್‌ಗ್ರಾದ್ ನೋಡುವುದಾದರೆ ಮೊದಲು ನದಿಗೆ ಇಳಿಯಿರಿ

ಇಂದಿನ ವೋಲ್ಗೊಗ್ರಾದ್‌ಗೆ ಅಗಲ ಕಡಿಮೆ, ಉದ್ದವೇ ಜಾಸ್ತಿ. ವೋಲ್ಗಾದ ಬಲದಂಡೆಗೆ ಅಂಟಿಕೊಂಡು 60 ಕಿ.ಮೀ.ಗೂ ಮಿಕ್ಕಿ ಚಾಚಿದೆ. ಬಂದವರೆಲ್ಲ ಯುದ್ಧಸ್ಮಾರಕದ ಬೃಹತ್ ಮೂರ್ತಿ ನಿಂತ ಮಮಾಯೆವ್ ದಿಬ್ಬಕ್ಕೇ ಓಡುತ್ತಾರೆ. ಆದರೆ ಜರ್ಮನ್, ಸೋವಿಯತ್ ಸೈನ್ಯಗಳ 1942ರ ಕದನ ಅರ್ಥವಾಗುವುದು ನದಿಯ ಅಂಚಿನಲ್ಲಿ.

ಪನೋರಮಾ ಮ್ಯೂಸಿಯಂ ಮಗ್ಗುಲಲ್ಲೇ ಕೆಂಪು ಇಟ್ಟಿಗೆಯ ಹಿಟ್ಟಿನ ಗಿರಣಿಯಿದೆ. ದುರಸ್ತಿ ಮಾಡದೆ ಹಾಗೇ ಬಿಟ್ಟಿದ್ದಾರೆ. ಕಿಟಕಿಗಳ ಸುತ್ತ ಗುಂಡೇಟು ತಿನ್ನದ ಅಂಗೈಯಗಲದ ಜಾಗ ಹುಡುಕಿ ನೋಡಿ. ರಸ್ತೆಯಾಚೆಗೆ ಪಾವ್ಲೋವ್ ಮನೆ, ಸಾರ್ಜೆಂಟ್ ಪಾವ್ಲೋವ್‌ರ ಸೋವಿಯತ್ ತುಕಡಿ ಜರ್ಮನ್ನರಿಗೆ ಬಿಡದೆ ಕಾದ ಕಟ್ಟಡ. ಇಲ್ಲಿಂದ ನೀರಿಗೆ ಕೆಲವೇ ನಿಮಿಷದ ನಡಿಗೆ. ಸೋವಿಯತ್ ಸೈನ್ಯದ ಕೈಯಲ್ಲಿ ಉಳಿದಿದ್ದ ನೆಲವೂ ಹಲವೆಡೆ ಇಷ್ಟೇ. ಸೆಪ್ಟೆಂಬರ್ 14ರ ರಾತ್ರಿ ರೊದಿಮ್ತ್ಸೆವ್‌ರ 13ನೇ ಗಾರ್ಡ್ಸ್ ಡಿವಿಜನ್ ದೋಣಿಗಳಲ್ಲಿ ಬಂದು ಹತ್ತಿದ್ದು ಈ ಕಡಿದಾದ ದಂಡೆಯನ್ನೇ. ದಂಡೆಯ ಬುಡ ಜರ್ಮನ್ ಫಿರಂಗಿಗಳ ನೇರ ನೋಟಕ್ಕೆ ಸಿಗದು, ಹಾಗಾಗಿ ಸೋವಿಯತ್ ಸೈನಿಕರು ಕಮಾಂಡ್ ಬಂಕರ್‌ಗಳನ್ನು ಅಲ್ಲೇ ಕೊರೆದರು. ತಮ್ಮ ಭಾರೀ ಫಿರಂಗಿಗಳನ್ನು ಎದುರು ದಂಡೆಯಲ್ಲಿ ಇಟ್ಟರು. ಸೋವಿಯತ್ 62ನೇ ಸೈನ್ಯದ ದಂಡನಾಯಕ ಚುಯ್ಕೊವ್ ತನ್ನವರನ್ನು ಶತ್ರುವಿಗೆ ತೀರ ಸಮೀಪ ನಿಲ್ಲಿಸಿದ: ಬಾಂಬ್ ಹಾಕಿದರೆ ಜರ್ಮನ್ನರ ಮೇಲೂ ಬೀಳಬೇಕು. ನವೆಂಬರ್‌ನಲ್ಲಿ ಮಂಜುಗಡ್ಡೆ ತೇಲಿಬಂದು ದೋಣಿಗಳಿಗೆ ಅಡ್ಡವಾಯಿತು. ಜನ, ಗಾಡಿ ದಾಟುವಷ್ಟು ನದಿ ಹೆಪ್ಪುಗಟ್ಟಿದ್ದು ಡಿಸೆಂಬರ್ ನಡುವೆ.

ದಿಬ್ಬಕ್ಕೆ ಮೆಟ್ರೋಟ್ರಾಮ್ ಹಿಡಿಯಿರಿ. ಹೆಸರಿಗೆ ಟ್ರಾಮ್, ನಗರಮಧ್ಯದಲ್ಲಿ ಓಡುವುದು ನೆಲದಡಿ. ಮೂರ್ತಿಯವರೆಗೆ 200 ಮೆಟ್ಟಿಲು, ಕದನದ ದಿನಕ್ಕೊಂದರಂತೆ. ಬೇಸಿಗೆಯಲ್ಲಿ ನೆರಳು ಅಪರೂಪ, ನೀರು ಒಯ್ಯಿರಿ. ಮೂರ್ತಿಯ 33 ಮೀಟರ್ ಕತ್ತಿಗೆ ಮೊದಲು ಟೈಟಾನಿಯಂ ತಗಡು ಹೊದಿಸಿದ್ದರು. ಗಾಳಿಗೆ ಅದು ಗಡಗಡ ಎನ್ನುತ್ತಿತ್ತು. 1972ರಲ್ಲಿ ಗಾಳಿ ನುಸುಳಲು ತೂತುಗಳಿರುವ ಉಕ್ಕಿನ ಕತ್ತಿ ಬಂತು.

ಡಿಪಾರ್ಟ್‌ಮೆಂಟ್ ಸ್ಟೋರ್ ನೆಲಮಾಳಿಗೆಯನ್ನು ಬಿಡಬೇಡಿ. 1943ರ ಜನವರಿ 31ರಂದು ಜರ್ಮನ್ 6ನೇ ಸೈನ್ಯದ ದಂಡನಾಯಕ ಪೌಲುಸ್ ಸೆರೆಯಾದದ್ದು ಅಲ್ಲೇ.

ಊರಿನ ವಿಮಾನ ನಿಲ್ದಾಣ ಇರುವುದು ಗುಮ್ರಾಕ್‌ನಲ್ಲಿ. ಸೋವಿಯತ್ ಪಡೆಗಳು ಸುತ್ತುವರಿದಿದ್ದ ಆ 6ನೇ ಸೈನ್ಯಕ್ಕೆ ವಿಮಾನದಲ್ಲೇ ದಿನಕ್ಕೆ ಕನಿಷ್ಠ 300 ಟನ್ ಸಾಮಾನು ತಲುಪಿಸುವ ಲೆಕ್ಕವಿತ್ತು. ಜರ್ಮನ್ ಸಾಗಣೆ ವಿಮಾನ ಜುಂಕರ್ಸ್ 52 ಹೊರುವುದು ಸುಮಾರು 2 ಟನ್. ಅಂದರೆ ಪ್ರತಿದಿನ 150 ಇಳಿತ. ಮಂಜು, ಚಳಿಗೆ ಸ್ಟಾರ್ಟ್ ಆಗದ ಎಂಜಿನ್, ಸೋವಿಯತ್ ಯುದ್ಧವಿಮಾನಗಳು ಎಲ್ಲ ಸೇರಿ ಸರಾಸರಿ 120 ಟನ್ನೂ ಮುಟ್ಟಲಿಲ್ಲ. ಜನವರಿ 16ಕ್ಕೆ ಮುಖ್ಯ ನಿಲ್ದಾಣ ಪಿತೋಮ್ನಿಕ್ ಕೈತಪ್ಪಿತು, ವಾರದೊಳಗೆ ಗುಮ್ರಾಕ್ ಕೂಡ. ಆಮೇಲೆ ಪ್ಯಾರಾಚೂಟ್ ಕಟ್ಟಿ ಎಸೆದ ಡಬ್ಬಗಳೇ ಗತಿ. ಅವುಗಳಲ್ಲಿ ಬಹಳಷ್ಟು ಬಿದ್ದದ್ದು ರಷ್ಯನ್ನರ ಕಡೆ.