ಕೊಡಗಿನಲ್ಲಿ ಕೋವಿ ದುರಸ್ತಿ ಅಂಗಡಿ: ಮೊದಲು ಪರವಾನಗಿ, ಆಮೇಲೆ ಅರ

ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ದುರಸ್ತಿ ವ್ಯಾಪಾರಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ದುರಸ್ತಿಗೂ ಮಾರ್ಪಾಡಿಗೂ ಪರವಾನಗಿ ಬೇಕು. 2019ರ ತಿದ್ದುಪಡಿ ಬಂದಮೇಲೆ 6ನೇ ಕಲಂ ಇನ್ನೂ ಬಿಗಿ: ನಳಿಗೆ ಮೊಟಕು ಮಾಡುವುದಷ್ಟೇ ಅಲ್ಲ, ಒಂದು ವರ್ಗದ ಕೋವಿಯನ್ನು ಇನ್ನೊಂದು ವರ್ಗಕ್ಕೆ ಬದಲಿಸಲೂ ಪರವಾನಗಿ ಇರಲೇಬೇಕು. ‘ರೈಫಲ್ ಮಾರ್ಪಾಡು’ ಎಂದು ಬೋರ್ಡು ಬರೆಸುವ ಮೊದಲೇ ಇದನ್ನು ಓದಿಕೊಳ್ಳಿ.

ನಿಜವಾಗಿ ಹೊಟ್ಟೆ ಹೊರೆಯುವುದು ತುಕ್ಕು ಮತ್ತು ಮರದ ಕೆಲಸ. ಕರಿಮದ್ದಿನ ಮಸಿ ತೇವ ಹೀರುತ್ತದೆ, ಮಳೆಗಾಲದಲ್ಲಂತೂ ಒಂದೇ ರಾತ್ರಿಗೆ ನಳಿಗೆ ಕೆಂಪಾಗುತ್ತದೆ. ಬರೀ ಎಣ್ಣೆ ಸವರಿದರೆ ಮಸಿ ಅದರಡಿಯಲ್ಲೇ ಉಳಿಯುತ್ತದೆ. ಕೋವಿ ಖಾಲಿಯೆಂದು ಎರಡು ಸಲ ನೋಡಿ, ನಳಿಗೆಯನ್ನು ಬಿಸಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ತೆಳುವಾಗಿ ಎಣ್ಣೆ.

ಮರ ಸೀಳುವುದು ಹೆಚ್ಚಾಗಿ ಕೋವಿಯ ಮರದ ಹಿಡಿ ಸಣ್ಣಗಾಗುವ ಭಾಗದಲ್ಲಿ. ಸ್ಕ್ರೂ ಸಡಿಲವಾದರೆ ಗುಂಡು ಹಾರಿಸಿದಾಗಿನ ಒದೆತ ಅಲ್ಲಿಗೇ ಬಡಿಯುತ್ತದೆ. ಹಳೆ ಎಣ್ಣೆ ತೆಗೆಯದೆ ಎಪಾಕ್ಸಿ ಅಂಟು ಹಾಕಿದರೆ ಅದು ಹಿಡಿಯುವುದಿಲ್ಲ. ಕೊನೆಗೆ ಅಗಸೆ ಎಣ್ಣೆ, ತೆಳು ಪದರಗಳಲ್ಲಿ. ಒಂದು ಒಣಗದೆ ಇನ್ನೊಂದು ಹಚ್ಚಿದರೆ ಅಂಟಂಟು. ಸ್ಕ್ರೂಡ್ರೈವರ್ ಮಾತ್ರ ವಾಹನಕ್ಕೆ ಬಳಸುವಂಥದ್ದು ಬೇಡ, ತುದಿಯನ್ನು ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ಅರದಿಂದ ತಿದ್ದಿಕೊಳ್ಳಿ.