ಪಿಟೀಲಿನ ಜಾಗದಲ್ಲಿ ಟ್ರಾಂಬೋನ್: ಎಡ್ಡಿ ಪಾಲ್ಮಿಯೇರಿಯವರ ಮೊದಲ ಆಲ್ಬಂ

ಎಡ್ಡಿ ಪಾಲ್ಮಿಯೇರಿಯವರನ್ನು ಲ್ಯಾಟಿನ್ ಜಾಝ್‌ನ ಪಿಯಾನೋ ವಾದಕರೆಂದೇ ಬಲ್ಲವರಿಗೆ, 1962ರಲ್ಲಿ ಅಲೆಗ್ರೆ ಕಂಪನಿ ಹೊರತಂದ ಅವರ ಮೊದಲ ಆಲ್ಬಂ ‘ಲಾ ಪರ್ಫೆಕ್ತಾ’ ತುಸು ನಿರಾಸೆ ಉಂಟುಮಾಡಬಹುದು; ಅದರಲ್ಲಿ ಸುದೀರ್ಘ ಪಿಯಾನೋ ಸೋಲೋಗಳಿಲ್ಲ, ಇರುವುದೆಲ್ಲ ಕುಣಿಯುವವರಿಗಾಗಿ ಕಟ್ಟಿದ ಚಿಕ್ಕ ಚಿಕ್ಕ ಹಾಡುಗಳು. ಆದರೂ ಅವರ ವಾದನದ ಬೇರುಗಳು ಇಲ್ಲಿ ಕಾಣುವಷ್ಟು ನಿಚ್ಚಳವಾಗಿ ಮುಂದಿನ ಆಲ್ಬಂಗಳಲ್ಲಿ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆ ಕಾಲದ ನ್ಯೂಯಾರ್ಕ್‌ನ ನೃತ್ಯಶಾಲೆಗಳಲ್ಲಿ ಕ್ಯೂಬಾ ಮೂಲದ ಚರಂಗಾ ಸಂಗೀತದ ಭರಾಟೆಯಿತ್ತು. ಕೊಳಲು ಮತ್ತು ಪಿಟೀಲುಗಳ ನಯವಾದ ನಾದವೇ ಅದರ ಗುರುತು. ಎಡ್ಡಿಯವರ ಅಣ್ಣ ಚಾರ್ಲಿಯವರೂ ಅಂತಹ ಒಂದು ತಂಡವನ್ನು ನಡೆಸಿದವರು. ತಮ್ಮನಾದರೋ ಕೊಳಲನ್ನು ಉಳಿಸಿಕೊಂಡು ಪಿಟೀಲುಗಳ ಜಾಗದಲ್ಲಿ ಹಿತ್ತಾಳೆಯ ಊದುವಾದ್ಯವಾದ ಟ್ರಾಂಬೋನ್‌ಗಳನ್ನು ಕೂರಿಸಿದರು. ಟ್ರಾಂಬೋನ್ ಮತ್ತು ಚರಂಗಾಗಳ ಈ ಬೆರಕೆಗೆ ‘ಟ್ರಾಂಬಾಂಗಾ’ ಎಂಬ ತಮಾಷೆಯ ಹೆಸರನ್ನಿಟ್ಟವರು ಸ್ವತಃ ಚಾರ್ಲಿ. ಟ್ರಾಂಬೋನ್ ವಾದಕ ಬ್ಯಾರಿ ರೋಜರ್ಸ್ ಜಾಝ್‌ನಲ್ಲಿ ಆಳವಾಗಿ ಮುಳುಗಿದ್ದವರು. ಆದ್ದರಿಂದ ಈ ತಂಡದ ಜಾಝ್ ಅನ್ನು ಮೊದಲು ಅವರ ಒರಟು, ತುಂಬು ನಾದದಲ್ಲಿ ಅರಸಬೇಕೇ ಹೊರತು ಪಿಯಾನೋದಲ್ಲಲ್ಲ.

ಪಿಯಾನೋ ಇಲ್ಲಿ ಬಹುಮಟ್ಟಿಗೆ ತಾಳವಾದ್ಯದ ಕೆಲಸವನ್ನೇ ಮಾಡುತ್ತದೆ. ಎಡ್ಡಿಯವರು ಹದಿಮೂರರ ಹರೆಯದಲ್ಲಿ ಚಿಕ್ಕಪ್ಪನ ತಂಡದಲ್ಲಿ ಟಿಂಬಾಲೆಸ್ ಎಂಬ ಜೋಡಿ ಡ್ರಮ್ ಬಾರಿಸಿದವರು ಎಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯೇನಿಲ್ಲ. ಎರಡು ಕೈಗಳೂ ಒಂದೇ ಸ್ವರಗುಚ್ಛವನ್ನು ಬೇರೆ ಬೇರೆ ಸ್ಥಾಯಿಗಳಲ್ಲಿ ಮತ್ತೆ ಮತ್ತೆ ನುಡಿಸುವ ಮೊಂಟುನೋ, ಹಾಡಿಗೆ ಆಧಾರವಾದ, ಐದು ಪೆಟ್ಟುಗಳ ಕ್ಲಾವೆ ಎಂಬ ಲಯವಿನ್ಯಾಸದ ಜೊತೆ ಕೊಂಚವೂ ತಪ್ಪದೆ ಹೊಂದಿಕೊಂಡು ಸಾಗಬೇಕು. ಈ ಶಿಸ್ತನ್ನು ಅವರು ಕಲಿತದ್ದು ಕ್ಯೂಬಾದಿಂದ, ವಿಶೇಷವಾಗಿ ಆರ್ಸೆನಿಯೋ ರೊಡ್ರಿಗೆಸ್ ಅವರ ತಂಡದಲ್ಲಿದ್ದ ಪಿಯಾನೋ ವಾದಕ ಲಿಲಿ ಮಾರ್ಟಿನೆಸ್ ಅವರಂತಹವರ ವಾದನದಿಂದ. ಜಾಝ್ ಪಿಯಾನೋ ವಾದಕರಾದ ಥೆಲೋನಿಯಸ್ ಮಾಂಕ್ ಮತ್ತು ಮೆಕಾಯ್ ಟೈನರ್ ಅವರ ಪ್ರಭಾವ, ಅದರಲ್ಲೂ ಟೈನರ್ ಅವರ ಸ್ವರಸಂಯೋಜನೆಗಳ ಸೆಳೆತ, ಢಾಳಾಗಿ ಕೇಳಿಸತೊಡಗುವುದು ಆಮೇಲೆ.

ಕ್ಯೂಬಾ ಸಂಗೀತ ಮತ್ತು ಜಾಝ್ ಎಂಬ ಈ ಎರಡು ಧಾರೆಗಳು ಹೇಗೆ ಕೂಡಿದವೆಂದು ತಿಳಿಯಲು 1965ರ ‘ಅಸುಕಾರ್ ಪಾ ತಿ’ ಆಲ್ಬಂನಲ್ಲಿರುವ, ಎಂಟು ನಿಮಿಷಕ್ಕೂ ಮಿಕ್ಕಿದ ‘ಅಸುಕಾರ್’ ಹಾಡನ್ನು ಕೇಳಬೇಕು. ಅಲ್ಲಿ ಎಡಗೈ ಮೊಂಟುನೋವನ್ನು ಬಿಡದೆ ಹಿಡಿದಿರುತ್ತದೆ, ಬಲಗೈ ಮಾತ್ರ ಸೋಲೋಗೆ ಇಳಿಯುತ್ತದೆ.