ದೋಹಾದಲ್ಲಿ ತೆನೆ ಹಬ್ಬ

ಸೆಪ್ಟೆಂಬರ್ 8 ಮೇರಿಮಾತೆಯ ಜನ್ಮದಿನ. ಜಗತ್ತಿನ ಕಥೋಲಿಕರಿಗೆಲ್ಲ ಅದು ಪೂಜೆಯ ದಿನವಾದರೆ, ಕರಾವಳಿಯ ಕೊಂಕಣಿ ಕ್ರೈಸ್ತರಾದ ನಮಗೆ ಅದು ಹೊಸ ಅಕ್ಕಿ ಊಟದ ದಿನವೂ ಹೌದು. ಮನೆಯಲ್ಲಿ ನಾವು ಮೊಂತಿ ಫೆಸ್ತ್ ಎನ್ನುತ್ತೇವೆ, ನೆರೆಹೊರೆಯವರು ತೆನೆ ಹಬ್ಬ ಎನ್ನುತ್ತಾರೆ. ನೇತ್ರಾವತಿಯ ದಂಡೆಯಲ್ಲಿರುವ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದರು ಇದನ್ನು ಆರಂಭಿಸಿದರೆಂದು ನಮ್ಮಲ್ಲಿ ಹೇಳಿಕೊಂಡು ಬಂದಿದ್ದಾರೆ. 1784ರಲ್ಲಿ ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಹೋದವರಲ್ಲಿ ಬದುಕಿ ಉಳಿದವರು 1799ರ ನಂತರ ಊರಿಗೆ ಮರಳಿ ಮತ್ತೆ ಗದ್ದೆಗಿಳಿದ ಮೇಲೂ ಈ ಹಬ್ಬ ಉಳಿದುಕೊಂಡಿತು. ಆಟಿ ತಿಂಗಳ ಮಳೆ ಕಳೆದು ಪೈರು ಕದಿರು ಬಿಡುವ ಹೊತ್ತಿಗೆ ಸರಿಯಾಗಿ ಬರುವ, ಮಣ್ಣಿಗೂ ಮಾತೆಗೂ ಸೇರಿದ ಈ ಹಬ್ಬವನ್ನು ಒಂದು ಹುಲ್ಲುಕಡ್ಡಿಯೂ ತಾನಾಗಿ ಹುಟ್ಟದ ಸೆಪ್ಟೆಂಬರಿನ ಕತಾರಿನಲ್ಲಿ ಆಚರಿಸುವುದು ಹೇಗೆ ಎಂಬುದು ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಅರ್ಥವಾಗದ ಸಂಗತಿಯಾಗಿತ್ತು.

ದೋಹಾದ ನಮ್ಮ ಚರ್ಚು ಜಪಸರದ ಮಾತೆಗೆ ಅರ್ಪಿತವಾದದ್ದು. 1568ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಸ್ಥಾಪನೆಯಾದ ಮಂಗಳೂರಿನ ರೊಜಾರಿಯೊ ಕೆಥೆಡ್ರಲ್ಲಿಗೂ ಅದೇ ಮಾತೆ ಪಾಲಕಿಯಾದ್ದರಿಂದ, ಇಲ್ಲಿ ಕಾಲಿಟ್ಟ ನಮ್ಮವರಿಗೆ ಹೆಸರಿನ ಮಟ್ಟಿಗಾದರೂ ಪರಕೀಯತೆ ಕಾಡುವುದಿಲ್ಲ. ಕತಾರಿನ ದೊರೆ ಅಮೀರರು ನೀಡಿದ ಜಾಗದಲ್ಲಿ ಕಟ್ಟಿದ ಈ ಚರ್ಚು 2008ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಗೊಂಡಿತು. ಹೊರಗೆ ಶಿಲುಬೆಯಿಲ್ಲ, ಗಂಟೆಯೂ ಇಲ್ಲ. ಗೇಟಿನ ತಪಾಸಣೆ ದಾಟಿ ಒಳಹೊಕ್ಕರೆ ಮಾತ್ರ ಮಲಯಾಳಂ, ತಮಿಳು, ಕೊಂಕಣಿ, ಫಿಲಿಪೀನ್ಸಿನ ತಗಾಲೊಗ್, ಅರಬ್ಬಿಗಳ ಗದ್ದಲ. ವಾರದ ರಜೆ ಶುಕ್ರವಾರ ಮತ್ತು ಶನಿವಾರವಾದ್ದರಿಂದ ಇಲ್ಲಿಯ ಭಾನುವಾರದ ಜನಸಂದಣಿ ಶುಕ್ರವಾರವೇ ಸೇರುತ್ತದೆ. ಆದ ಕಾರಣ ನಮ್ಮ ಹಬ್ಬವೂ ಸಾಮಾನ್ಯವಾಗಿ ಸೆಪ್ಟೆಂಬರ್ 8ಕ್ಕೆ ಹತ್ತಿರದ ಶುಕ್ರವಾರಕ್ಕೆ ಸರಿಯುತ್ತದೆ. 2023ರಲ್ಲಿ ಮಾತ್ರ ಸೆಪ್ಟೆಂಬರ್ 8 ಶುಕ್ರವಾರವೇ ಬಂದು, ಊರಿನವರ ಜೊತೆ ಒಂದೇ ದಿನ ಎಲೆಗೆ ಕೂರುವ ಭಾಗ್ಯ ದೊರೆಯಿತು.

ಆಗಸ್ಟ್ 30ರಿಂದ ಒಂಬತ್ತು ದಿನಗಳ ಪ್ರಾರ್ಥನೆ, ನೊವೆನ. ಊರಿನಲ್ಲಿ ಆ ದಿನಗಳಲ್ಲಿ ಮಕ್ಕಳು ಬೆಳಗಾಗುವುದರೊಳಗೆ ಬೇಲಿಬದಿಯ ದಾಸವಾಳ, ಗೋರಂಟಿ, ತುಂಬೆ, ಗುಡ್ಡದ ಹೆಸರಿಲ್ಲದ ಹೂಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಚರ್ಚಿಗೆ ಹೋಗುತ್ತಾರೆ. 'ಸಕ್ಕಡ್ ಸಾಂಗಾತಾ ಮೆಳ್ಯಾಂ' (ಎಲ್ಲರೂ ಒಟ್ಟಿಗೆ ಸೇರೋಣ) ಎಂದು ಕೊಂಕಣಿಯಲ್ಲಿ ಹಾಡುತ್ತ ಬಾಲ ಮರಿಯಳ ಪುಟ್ಟ ಪ್ರತಿಮೆಗೆ ಹೂ ಎರಚುತ್ತಾರೆ. ಇಲ್ಲಿಯ ಮಕ್ಕಳಿಗೆ ಹೂವೆಂದರೆ ಭಾರತೀಯ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುವ ಸೇವಂತಿಗೆ. ಓಣಂಗೆಂದು ಮಲಯಾಳಿಗಳು ತರಿಸಿದ ಹೂವು ಮತ್ತು ಬಾಳೆಲೆಯ ಉಳಿಕೆಯೇ ಅನೇಕ ಸಲ ನಮ್ಮ ಹಬ್ಬದ ಪಾಲು. ಆಯುವ ಸಂಭ್ರಮವಿಲ್ಲದ ಹೂವಿನಲ್ಲಿ ಅರ್ಧ ಹಬ್ಬ ಕಳೆದುಹೋಗುತ್ತದೆಂಬುದು ನನ್ನ ಎಣಿಕೆ. ಮಕ್ಕಳನ್ನು ಕೇಳಿದರೆ ಹಾಗೇನೂ ಇಲ್ಲವೆನ್ನುತ್ತಾರೆ, ಎರಚುವುದರಲ್ಲಿ ಅವರಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಪೂಜೆಯ ನಂತರ ಮಕ್ಕಳ ಕೈಗೆ ಕಬ್ಬಿನ ತುಂಡು ಕೊಡುವ ಪದ್ಧತಿಯಲ್ಲಿ, ಕಬ್ಬು ಸಿಗದ ವರ್ಷ ಲಾಡು ಕೊಟ್ಟದ್ದೂ ಉಂಟು.

ತೆನೆಯ ವಿಷಯಕ್ಕೆ ಬಂದರೆ, ಊರಿನಿಂದ ರಜೆ ಮುಗಿಸಿ ಬರುವವರ ಸೂಟ್‌ಕೇಸಿನಲ್ಲಿ ಒಂದು ಕಟ್ಟು ಬರುತ್ತದೆ. ಪಾದ್ರಿಗಳು ಅದನ್ನು ಆಶೀರ್ವದಿಸಿದ ಮೇಲೆ ಮನೆಮಂದಿಯ ತಲೆ ಎಣಿಸಿ, ತಲೆಗೊಂದರಂತೆ ಕದಿರು ಹಂಚುತ್ತಾರೆ. ಮನೆಯಲ್ಲಿ ಅಲ್ತಾರಿನ (ದೇವರ ಪೀಠದ) ಮುಂದೆ ಮೇಣದಬತ್ತಿ ಹಚ್ಚಿ, ಕದಿರಿನ ಒಂದೊಂದೇ ಭತ್ತವನ್ನು ಉಗುರಿನಿಂದ ಸುಲಿಯಬೇಕು. ಎಳೆಯ ಅಕ್ಕಿ ಮೇಲೆ ತಿಳಿಹಸಿರು, ಒತ್ತಿದರೆ ಹಾಲು; ಪ್ರಯಾಣದಲ್ಲಿ ಒಣಗಿದ್ದರೆ ಸಿಪ್ಪೆ ಉಗುರಿನ ಸಂದಿಗೆ ಚುಚ್ಚುತ್ತದೆ. ಸುಲಿದ ಅಷ್ಟಿಷ್ಟು ಕಾಳನ್ನು ಜಜ್ಜಿ ತೆಂಗಿನ ಹಾಲಿಗೆ ಬೆರೆಸಿ, ಹಿರಿಯರಿಂದ ಕಿರಿಯರವರೆಗೆ ಎಲ್ಲರೂ ಒಂದೊಂದು ಚಮಚ ಕುಡಿದ ಬಳಿಕವೇ ಊಟ. ತಲೆ ಎಣಿಸುವಾಗ ಇಲ್ಲಿ ಒಂದು ತೊಡಕಿದೆ. ಒಂದೇ ಫ್ಲ್ಯಾಟಿನಲ್ಲಿ ಬಾಡಿಗೆ ಹಂಚಿಕೊಂಡಿರುವ ಬೆಳ್ತಂಗಡಿಯ ಹುಡುಗನನ್ನೂ ಮನಿಲಾದ ನರ್ಸಮ್ಮನನ್ನೂ ಮನೆಮಂದಿಯೆಂದು ಲೆಕ್ಕ ಹಿಡಿಯಬೇಕೇ ಬೇಡವೇ? ಹಿಡಿಯಬೇಕೆಂದೇ ನಾವು ತೀರ್ಮಾನಿಸಿದ್ದೇವೆ. ಊರಿನ ಚರ್ಚಿನಲ್ಲಿ ಅಮ್ಮ ಪರದೇಶದಲ್ಲಿರುವ ನಮ್ಮನ್ನೂ ಎಣಿಸಿಯೇ ಕದಿರು ತೆಗೆದುಕೊಳ್ಳುತ್ತಾರೆ. ನಮ್ಮ ಪಾಲಿನ ಕೆಲವು ಕಾಳುಗಳು ಅಂಚೆಯ ಲಕೋಟೆಯಲ್ಲಿ ಹಬ್ಬ ಕಳೆದು ಎಷ್ಟೋ ದಿನಗಳ ಮೇಲೆ ಬಂದು ತಲುಪುತ್ತವೆ.

ಊಟ ಸಸ್ಯಾಹಾರ, ಪದಾರ್ಥಗಳ ಸಂಖ್ಯೆ ಬೆಸವಾಗಿರಬೇಕು. ಕೆಸುವಿನ ದಂಟಿಗೆ ಅಂಬಟೆ ಸಿಗದೆ ಮಾವಿನಕಾಯಿ ಹಾಕುತ್ತೇವೆ. ಬೆಂಡೆ, ಹಾಗಲ, ಅಲಸಂಡೆ, ಹೆಸರುಬೇಳೆಯ ಪಾಯಸಕ್ಕೆ ಬರವಿಲ್ಲ. ಸಭಾಂಗಣದ ಸಾಮೂಹಿಕ ಊಟದಲ್ಲಿ ಪದಾರ್ಥಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿರುವುದು ನನಗೆ ಅಷ್ಟು ಹಿಡಿಸಿಲ್ಲ.

ಇಷ್ಟೆಲ್ಲವನ್ನೂ ಊರಿನಿಂದ ತರಿಸಿಕೊಳ್ಳಬೇಕು, ಇಲ್ಲವೇ ಬದಲಿ ಹುಡುಕಬೇಕು. ಯಾವುದನ್ನೂ ತರಿಸದೆ, ಬದಲಿಸದೆ ನಡೆಯುವುದು ಜಪಸರವೊಂದೇ. ಬಾಲ್ಯದಲ್ಲಿ ಸಂಜೆಯ ತೇರ್ಸ್ (ಜಪಸರದ ಪ್ರಾರ್ಥನೆ) ಎಂದರೆ ತೂಕಡಿಕೆ. ಮೊಣಕಾಲೂರಿ ಕೂತು, ಐದನೆಯ ರಹಸ್ಯ (ಜಪಸರದ ಒಂದೊಂದು ಭಾಗದಲ್ಲಿ ಧ್ಯಾನಿಸುವ ಯೇಸು, ಮೇರಿಯರ ಬದುಕಿನ ಘಟನೆ) ಯಾವಾಗ ಮುಗಿದೀತೆಂದು ಕಾಯುತ್ತ, ಕೊನೆಗೆ ಹಿರಿಯರ ಮುಂದೆ ಕೈಜೋಡಿಸಿ 'ಬೆಸಾಂವ್' (ಆಶೀರ್ವಾದ) ಬೇಡಿ ಊಟಕ್ಕೆ ಓಡುತ್ತಿದ್ದೆವು. ಇಲ್ಲಿ ಅದೇ ಪ್ರಾರ್ಥನೆಗೆ ಡ್ಯೂಟಿ ಮುಗಿಸಿ ಬಂದವರು ಸಮವಸ್ತ್ರದಲ್ಲಿಯೇ ಬಂದು ಕೂರುತ್ತಾರೆ. ಊರಿನಲ್ಲಿ ಏಳು ಗಂಟೆಗೆ ಅಮ್ಮ ಜಪಸರ ಹಿಡಿದಾಗ ಇಲ್ಲಿ ಇನ್ನೂ ನಾಲ್ಕೂವರೆ. ವಿಡಿಯೋ ಕರೆಯಲ್ಲಿ ಜೊತೆಗೂಡಲು ಶುಕ್ರವಾರ ಮಾತ್ರ ಸಾಧ್ಯ. ಆಗಲೂ ದನಿ ಅರೆಕ್ಷಣ ತಡವಾಗಿ ತಲುಪುವುದರಿಂದ, ಅಮ್ಮನ 'ನಮಾನ್ ಮರಿಯೆ' (ಮಾತೆಗೆ ನಮನದ ಪ್ರಾರ್ಥನೆಯ ಮೊದಲರ್ಧ) ಮುಗಿಯುವ ಮುನ್ನವೇ ನಾವು ಉತ್ತರಾರ್ಧವನ್ನು ಆರಂಭಿಸಿರುತ್ತೇವೆ.

ಈ ಪ್ರಾರ್ಥನೆಯ ರಚನೆಯೇ ಒಬ್ಬರು ಮೊದಲರ್ಧ ಹೇಳುವ, ಉಳಿದವರು ಎರಡನೆಯ ಅರ್ಧದಿಂದ ಉತ್ತರಿಸುವ ಕ್ರಮದಲ್ಲಿರುವುದರಿಂದ, ಭಾಷೆ ಬೇರೆಯಾದರೂ ಲಯ ಕೆಡುವುದಿಲ್ಲ. ನಾವು ಕೊಂಕಣಿಯಲ್ಲಿ ಎತ್ತಿಕೊಂಡರೆ ನರ್ಸಮ್ಮ ತಗಾಲೊಗಿನಲ್ಲಿ ಮುಗಿಸುತ್ತಾರೆ. ಬೆಂಗಳೂರಿನ ಶಿವಾಜಿನಗರದ ಸೀರೆಯುಟ್ಟ ಮಾತೆಯ ಭಕ್ತರಾದ ಗೆಳೆಯರೊಬ್ಬರು ಬಂದ ದಿನ ಜಪಸರದ ಹತ್ತು ಮಣಿಗಳ ಒಂದು ದಶಕ 'ನಮೋ ಮರಿಯಾ' ಎಂದು ಕನ್ನಡದಲ್ಲಿ ಸಾಗುತ್ತದೆ. 2023ರ ಹಬ್ಬದ ದಿನ ಬೇರೊಂದು ಚರ್ಚೆ ಎದ್ದಿತು. ಶುಕ್ರವಾರಕ್ಕೆ ಸಲ್ಲುವುದು ದುಃಖದ ರಹಸ್ಯಗಳು. ಮಾತೆಯ ಹುಟ್ಟುಹಬ್ಬದಂದು ಮಗನ ಶಿಲುಬೆಯ ಹಾದಿಯನ್ನು ಧ್ಯಾನಿಸುವುದೇ? ನಮ್ಮಲ್ಲಿ ಹಿರಿಯರಾದ ಬಾಯಮ್ಮನವರು, ಹಬ್ಬದ ದಿನಕ್ಕೆ ಸಂತೋಷದ ರಹಸ್ಯಗಳೇ ಸರಿಯೆಂದು ಹೇಳಿ ಮೊದಲ ಮಣಿ ಹಿಡಿದೇಬಿಟ್ಟರು.

ಅಕ್ಟೋಬರ್ ಜಪಸರದ ತಿಂಗಳು. ಆಗ ಮಾತೆಯ ಪ್ರತಿಮೆ ದಿನಕ್ಕೊಂದು ಫ್ಲ್ಯಾಟಿಗೆ ಹೋಗುತ್ತದೆ, ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಮೆಲುದನಿಯಲ್ಲಿ ಪ್ರಾರ್ಥನೆ ನಡೆಯುತ್ತದೆ. ಯಾರ ಮನೆ ಯಾವ ದಿನವೆಂಬ ಪಟ್ಟಿಯನ್ನು ತೆನೆ ಹಬ್ಬದ ಊಟದ ಎಲೆ ಎತ್ತುವ ಮೊದಲೇ ಬರೆದುಕೊಳ್ಳುತ್ತೇವೆ. ಪ್ರಾರ್ಥನೆಯ ನಂತರ ಚಹಾ, ಬಿಸ್ಕತ್ತಿಗಿಂತ ಹೆಚ್ಚೇನೂ ಇಡಬಾರದೆಂದು ಪ್ರತಿ ವರ್ಷ ಒಪ್ಪಂದವಾಗುತ್ತದೆ, ಮತ್ತು ಪ್ರತಿ ವರ್ಷ ಯಾರಾದರೊಬ್ಬರು ಇಡ್ಲಿಯಂಥ ಸಾನ್ನ ಬೇಯಿಸಿ ಆ ಒಪ್ಪಂದವನ್ನು ಮುರಿಯುತ್ತಾರೆ.